ಎಂಟನೇ ಮೇನ್ ಇದೆ

ಆ ಮಧ್ಯಾಹ್ನ ನಾನು ಎಷ್ಟು ಹೊತ್ತು ಹಾಳುಮಾಡಿದೆನೋ ಖಚಿತವಿಲ್ಲ. ಡೈರಿಯಲ್ಲಿ ನಲವತ್ತು ನಿಮಿಷ ಎಂದಿದೆ. ಅತ್ತೆ ಹತ್ತೇ ನಿಮಿಷ ಎನ್ನುತ್ತಾರೆ.

ಅಮ್ಮನ ಆಪರೇಷನ್ನಿಗೆ ಓ ನೆಗೆಟಿವ್ ರಕ್ತ ಸಿಕ್ಕಿರಲಿಲ್ಲ. ಅತ್ತೆ ಆಸ್ಪತ್ರೆಯ ಕಾಯಿನ್ ಫೋನಿನಿಂದ ಚಾಮರಾಜಪೇಟೆಯ ನಮ್ಮ ಮನೆಗೆ ಫೋನ್ ಮಾಡಿದರು. "ಹೋದ್ಸಲ ರಕ್ತ ಕೊಟ್ರಲ್ಲ ಮಲ್ಲೇಶ್ವರದ ಮೇಷ್ಟ್ರು, ಅವರ ನಂಬರ್ ತೆಗಿ. ಹೆಸರು ಮರ್ತೋಯ್ತು. ಎಂಟನೇದು, ಮೂರನೇದು, ಹಂಗೇನೋ ಅಡ್ರೆಸ್ಸು."

ರಕ್ತದಾನಿಗಳ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದ್ದವನು ನಾನೇ. ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ಬಡಾವಣೆಯೊಳಗೆ ಮೇನ್, ಅದರೊಳಗೆ ಕ್ರಾಸ್, ಅದರೊಳಗೆ ಮನೆ, ಡಬ್ಬಿಯೊಳಗೆ ಡಬ್ಬಿ. ಹುಡುಕಲು ವಿಳಾಸವೊಂದೇ ದಾರಿ; ಟೈಪ್ ಮಾಡಿದರೆ ಅದನ್ನು ತುಂಡರಿಸಿ, ಒಂದೊಂದು ತುಂಡಿನಿಂದ ಒಂದೊಂದು ಡಬ್ಬಿ ತೆರೆಯುತ್ತ ಒಳಗಿಳಿಯುತ್ತಿತ್ತು.

ಮಲ್ಲೇಶ್ವರ, ಎಂಟು, ಮೂರು. ಏನೂ ಬರಲಿಲ್ಲ. ಎಂಟನೇ ಮೇನ್ ಆದರೂ ಇದೆಯೇ ಎಂದು ಕೇಳಿದೆ. ಇದೆ ಎಂದಿತು.

"ಇಲ್ಲ ಅತ್ತೆ. ಎಂಟನೇ ಮೇನ್ ಇದೆ, ಅವರಿಲ್ಲ."

"ಇಲ್ವಂತೆ," ಎಂದು ಅತ್ತೆ ಅಲ್ಲಿ ಯಾರಿಗೋ ಹೇಳಿದ್ದು ಕೇಳಿಸಿತು. ಲೈನ್ ಕಟ್ಟಾಯಿತು.

ನಾಲ್ಕನೇ ಕ್ರಾಸ್ ಇರಬಹುದೆಂದು ನೋಡಿದೆ. ಐದು. ಹದಿಮೂರು. ಹೀಗೇ ಇನ್ನೂ ಐದು ಸಂಖ್ಯೆ ಒತ್ತಿದೆ. ಕೊನೆಗೆ ಎಂಟನೇ ಮೇನ್‌ನಲ್ಲಿ ಏನೇನಿದೆಯೋ ಎಲ್ಲ ತೋರಿಸು ಎಂದೆ. ಒಂಬತ್ತು ಕ್ರಾಸ್‌ಗಳು ಬಂದವು, ಒಂದರಲ್ಲೂ ಮನುಷ್ಯರಿಲ್ಲ. ಎಲ್ಲವೂ ನಾನು ಈಗಷ್ಟೇ ಕೇಳಿದ್ದ ಸಂಖ್ಯೆಗಳು. ಪರ್ಲ್‌ನ ಗುಣವೇ ಅದು: ಇಲ್ಲದ ಡಬ್ಬಿಯೊಳಗೆ ಕೈಹಾಕಿದರೆ ಇಲ್ಲ ಎನ್ನುವುದಿಲ್ಲ, ಖಾಲಿ ಡಬ್ಬಿಯೊಂದನ್ನು ಮಾಡಿ ಇಟ್ಟುಬಿಡುತ್ತದೆ. ಆ ಎಂಟನೇ ಮೇನ್ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಕೇಳಿ ಕೇಳಿ ನಾನೇ ಅದನ್ನು ಕಟ್ಟಿದ್ದೆ.

ಮತ್ತೆ ಫೋನ್ ಬಂತು.

"ಮೇನ್ ಅಂತ ನಾನೆಲ್ಲೋ ಹೇಳ್ದೆ? ಎಂಟನೇ ಕ್ರಾಸ್ ಕಣೋ. ಮಲ್ಲೇಶ್ವರದೋರು ಕ್ರಾಸೇ ಮೊದಲು ಹೇಳೋದು. ಎಲ್ಲಾ ನಿಮ್ಮ ಚಾಮರಾಜಪೇಟೆ ಅಂದ್ಕೊಂಡ್ಯಾ?"

ಮೂರು, ಎಂಟು. ನಂಬರ್ ಬಂತು. ಮೇಷ್ಟ್ರು ಸ್ಕೂಟರಿನಲ್ಲಿ ಹೋಗಿ ರಕ್ತ ಕೊಟ್ಟರು. ಅಮ್ಮ ಉಳಿದಳು.

ಆದರೆ ಅತ್ತೆ "ಇಲ್ವಂತೆ" ಎಂದಾಗ ಅಮ್ಮ ಆ ಫೋನಿನ ಪಕ್ಕದಲ್ಲೇ ಸ್ಟ್ರೆಚರ್ ಮೇಲೆ ಮಲಗಿದ್ದಳು ಎಂದು ಆಮೇಲೆ ತಿಳಿಯಿತು. ಕೇಳಿಸಿತ್ತಾ ಎಂದು ವಿಚಾರಿಸಿದೆ. "ನೆನಪಿಲ್ಲ ಬಿಡೋ," ಎಂದಳು. ನಾನು ಬಿಡಲಿಲ್ಲ. ಯುಗಾದಿಗೆ ಕೇಳಿದೆ, ಮತ್ತೆ ದೀಪಾವಳಿಗೆ. ಮೂರನೇ ಸಲ ಅವಳು ಕೈಯಲ್ಲಿದ್ದ ಬೀನ್ಸ್ ಕೆಳಗಿಟ್ಟು, "ಕೇಳಿಸ್ತು," ಎಂದಳು. "ಮೇಲೆ ಫ್ಯಾನ್ ನಿಂತಿತ್ತು. ಆಯ್ತು, ನಂದು ಮುಗೀತು ಅಂದ್ಕೊಂಡೆ."

ಆ ನೆನಪು ಮೊದಲೇ ಅವಳೊಳಗೆ ಇತ್ತೋ, ನಾನು ಕೇಳಿ ಕೇಳಿ ಇಟ್ಟೆನೋ, ತಿಳಿಯುವ ದಾರಿ ನನಗಿಲ್ಲ. ಮತ್ತೆ ಕೇಳಲಿಲ್ಲ.