ಅಪ್ಪ ಓಟಿಲಿಯೆಗೆ ಕೊಟ್ಟ ಬಾಟಲಿ

ಗಾರೆ ನೆಲದ ಮೇಲೆ ಕಾಲಿಡುವ ಮೊದಲು ಓಟಿಲಿಯೆ ಷೂ ಬಿಚ್ಚುತ್ತಾಳೆ. ಎರಡನ್ನೂ ಬಾಗಿಲ ಹೊರಗೆ ಜೋಡಿಸಿಟ್ಟು, ಬೂದು ಉಣ್ಣೆಯ ಕಾಲುಚೀಲದಲ್ಲಿ ಒಳಗೆ ಬರುತ್ತಾಳೆ. ಹಾಗೆ ನಡೆದರೆ ನೆಲದ ತೇವ ಏನಾದರೂ ತಿಳಿಯುತ್ತದೆಯೇ? ಏನೂ ಇಲ್ಲ. ಮೂವತ್ತು ವರ್ಷಕ್ಕೂ ಮೇಲೆ ಮರದ ನೆಲ ಹಾಸುತ್ತಿದ್ದೇನೆ, ನನಗೆ ಗೊತ್ತು. ಆದರೂ ಅವಳು ಬಂದಾಗ ಕೆಲಸಗಾರರು ರೇಡಿಯೊದ ಸದ್ದು ತಗ್ಗಿಸುತ್ತಾರೆ. ನಾನು ಬಂದಾಗ ಯಾರೂ ತಗ್ಗಿಸಿದ್ದಿಲ್ಲ.

ಅವಳು ರೇಮ್ ಮನೆಯ ಮಗಳು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಬೆಳೆಯುವ ಮನೆ. ನಮ್ಮ ಟೆಟ್‌ನಾಂಗ್ ಊರಿನ ಸುತ್ತಮುತ್ತ ಅದೇ ಬೆಳೆ. ಆಗಸ್ಟ್ ಕೊನೆಗೆ ಕೊಯ್ಲು. ಕೊಯ್ದದ್ದನ್ನು ಅಂದೇ ಒಣಗಿಸುವ ಮನೆಗೆ ಸುರಿಯಬೇಕು. ಹೂವು ಒಣಗಿತೋ ಇಲ್ಲವೋ ಎಂದು ಹೇಳುವ ಕೆಲಸವನ್ನು ಏಳು ವರ್ಷದ ಓಟಿಲಿಯೆಗೆ ಅವಳ ಅಜ್ಜಿ ಕಲಿಸಿದ್ದಳಂತೆ. ಎಸಳು ಮುಟ್ಟಿದರೆ ಕಾಗದದ ಹಾಗೆ ಸರಸರ ಅನ್ನುತ್ತದೆ. ಅದನ್ನು ನಂಬಬಾರದು. ಒಳಗಿನ ಕಡ್ಡಿ ಇನ್ನೂ ಹಸಿಯಿರುತ್ತದೆ. ಆಗಲೇ ಚೀಲಕ್ಕೆ ತುಂಬಿದರೆ ವಾರದಲ್ಲಿ ಚೀಲ ಬಿಸಿಯೇರಿ, ಹೂವು ಕಂದುಗಟ್ಟಿ, ಮುಗ್ಗಲು ವಾಸನೆ ಹೊಡೆಯುತ್ತದೆ. ಕಡ್ಡಿಯನ್ನು ಬಾಗಿಸಿ ನೋಡಬೇಕು. ಬಾಗಿದರೆ ಹಸಿ, ಮುರಿದರೆ ಒಣಗಿದೆ ಎಂದರ್ಥ.

ಇದನ್ನು ಅವಳು ನಮ್ಮಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ, ಬೆಳಗಿನ ತಿಂಡಿಯ ಬಿಡುವಿನಲ್ಲಿ ಹೇಳಿದಳು. ಅವಳಿಗೆ ಆಗ ಇಪ್ಪತ್ತಮೂರು, ನನಗೆ ಇಪ್ಪತ್ತೆರಡು. ಅಪ್ಪ ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ರೊಟ್ಟಿ ಅಗಿಯುತ್ತಿದ್ದವನು ನಿಲ್ಲಿಸಿದ.

"ಕೇಳಿಸ್ಕೊಂಡ್ಯಾ ವೆಂಡೆಲಿನ್?" ಅಂದ.

ಕೇಳಿಸಿಕೊಂಡಿದ್ದೆ. ನನ್ನ ಮಾತಿಗೆ ಅಪ್ಪ ಅಗಿಯುವುದನ್ನು ನಿಲ್ಲಿಸಿದ್ದು ಒಂದು ಸಲವೂ ನೆನಪಿಲ್ಲ.

"ಇಷ್ಟೆಲ್ಲ ಗೊತ್ತಿದ್ದೂ ತೋಟ ಬಿಟ್ಟು ಬಂದ್ಯಲ್ಲ?" ಎಂದು ನಾನು ಕೆಣಕಿದೆ.

"ತೋಟ ನಮ್ಮಣ್ಣಂಗೆ ಹೋಯ್ತು. ಅವನು ಜನ್ಮದಲ್ಲಿ ಒಂದು ಕಡ್ಡಿ ಮುರಿದು ನೋಡಿದೋನಲ್ಲ. ಆದ್ರೂ ಮಗ ಮಗನೇ ಅಲ್ವಾ," ಎಂದು ನಕ್ಕಳು. ಆ ನಗೆಯಲ್ಲಿ ಏನಿತ್ತೆಂದು ಆಗ ನಾನು ನೋಡಲಿಲ್ಲ.

ಅಪ್ಪನ ಬಾಟಲಿಯ ವಿಷಯ ಹೇಳಬೇಕು. ಹಸಿರು ಬಟ್ಟೆಯ ಮೆತ್ತೆ ಹಾಕಿದ ಮರದ ಪೆಟ್ಟಿಗೆಯಲ್ಲಿ ಮಲಗಿರುವ ಉಕ್ಕಿನ ಬಾಟಲಿ ಅದು. ಹೊಸದಾಗಿ ಸುರಿದ ಸಿಮೆಂಟು ಗಾರೆ ಒಣಗುವ ಮೊದಲು ಅದರ ಮೇಲೆ ಮರ ಹಾಸಿದರೆ ತೇವ ಮೇಲೇರಿ ಹಲಗೆಗಳು ದೋಣಿಯಂತೆ ಬಾಗುತ್ತವೆ. ಹಾಗಾಗಿ ಉಳಿಯಿಂದ ಗಾರೆ ಒಡೆದು, ಪುಡಿಮಾಡಿ, ಐವತ್ತು ಗ್ರಾಂ ತೂಗಿ ಬಾಟಲಿಗೆ ಸುರಿಯುತ್ತೇವೆ. ಜೊತೆಗೆ ನಾಲ್ಕು ಉಕ್ಕಿನ ಗುಂಡುಗಳು, ಕಾರ್ಬೈಡ್ ತುಂಬಿದ ಒಂದು ಗಾಜಿನ ಕೊಳವೆ. ಮುಚ್ಚಳ ಬಿಗಿದು ಅಲ್ಲಾಡಿಸಿದರೆ ಗುಂಡುಗಳು ಕೊಳವೆಯನ್ನು ಒಡೆಯುತ್ತವೆ. ಕಾರ್ಬೈಡ್ ಗಾರೆಯ ತೇವದೊಂದಿಗೆ ಬೆರೆತು ಅನಿಲವಾಗುತ್ತದೆ. ಅನಿಲ ಮುಚ್ಚಳದ ಮೇಲಿನ ಮುಳ್ಳನ್ನು ತಳ್ಳುತ್ತದೆ. ಹತ್ತನೇ ನಿಮಿಷಕ್ಕೆ ಓದಬೇಕು. ಒಳಗೆ ಬಿಸಿನೀರಿನ ಕೊಳವೆ ಓಡುವ ನೆಲವಾದರೆ ಶೇಕಡಾ 1.8 ದಾಟುವಂತಿಲ್ಲ. ಬೆಸುಗೆ ಹಾಕುವವರ ಅಂಗಡಿಯ ಬೆಳ್ಳುಳ್ಳಿಯಂಥ ವಾಸನೆ ಕೈಗೆ ಅಂಟಿ ಸಂಜೆಯವರೆಗೂ ಇರುತ್ತದೆ. ನನ್ನ ಬಾಲ್ಯಕ್ಕೆಲ್ಲ ಅದು ಅಪ್ಪನ ವಾಸನೆ.

ಎಪ್ಪತ್ತನೇ ಹುಟ್ಟುಹಬ್ಬದ ದಿನ ಅಪ್ಪ ಕೆಲಸ ಬಿಟ್ಟ. ಕಾರ್ಯಾಗಾರದ ಬೀಗದಕೈ, ವ್ಯಾನು, ಯಂತ್ರಗಳು, ನಮ್ಮ ಹಾಗ್ ಮನೆತನದ ಹೆಸರಿನ ಫಲಕ ಎಲ್ಲವೂ ನನಗೆ ಬಂದವು. ಆಮೇಲೆ ಮೇಜಿನ ಕೆಳಗಿಂದ ಬಾಟಲಿಯ ಪೆಟ್ಟಿಗೆ ಎತ್ತಿ, "ಇದು ಓಟಿಲಿಯೆಗೆ," ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮರುವಾರ ಅಂಕಿಯೇ ಮೂಡುವ ಹೊಸ ಮಾಪಕದ ಬಾಟಲಿ ಕೊಂಡೆ. ಅವಳ ಹಳೆಯ ಮುಳ್ಳಿಗಿಂತ ಅದು ಎಷ್ಟು ಚುರುಕು ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದೆ.

ಓಟಿಲಿಯೆ ಮುಂದೆ ನಮ್ಮಲ್ಲಿಂದ ಹೊರಟು, ಪರೀಕ್ಷೆ ಕಟ್ಟಿ ಪ್ರಮಾಣವಚನದ ತಜ್ಞೆಯಾದಳು. ನೆಲ ಬಾಗಿ ಜಗಳ ಹತ್ತಿದರೆ ನ್ಯಾಯಾಲಯ ಅವಳನ್ನೇ ಕರೆಯುತ್ತದೆ. ಅವಳ ದುಂಡು ಮುದ್ರೆ ಬಿದ್ದ ಕಾಗದವನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಮದುವೆಯಾಗಲಿಲ್ಲ. ಭಾನುವಾರ ಅಪ್ಪನ ಜೊತೆ ಇಸ್ಪೀಟು ಆಡಲು ನಮ್ಮ ಮನೆಗೆ ಬರುತ್ತಾಳೆ. ಆಟದಲ್ಲಿ ಅಪ್ಪ ನನ್ನನ್ನು ಸೋಲಿಸುತ್ತಾನೆ, ಅವಳಿಗೆ ಸೋಲುತ್ತಾನೆ.

ಹೋದ ವರ್ಷ ಊರ ವಾದ್ಯಸಂಘ ಹೊಸ ಅಭ್ಯಾಸದ ಮನೆ ಕಟ್ಟಿಸಿತು. ಅಲ್ಲಿ ನಾನು ಟೆನರ್ ಹಾರ್ನ್ ಊದುತ್ತೇನೆ. ಅಪ್ಪ ನಲವತ್ತು ವರ್ಷ ಟ್ಯೂಬಾ ಊದಿದವನು. ಓಕ್ ನೆಲದ ಕೆಲಸ ನನ್ನದಾಯಿತು. ಉದ್ಘಾಟನೆಗೆ ಮೂರು ವಾರವಿತ್ತು. ಎಂಬತ್ತೆರಡರ ಅಪ್ಪನಿಗೆ ಮೊದಲ ಸಾಲಿನಲ್ಲಿ ಕುರ್ಚಿ. ಆ ದಿನ ಅವನು ನನ್ನ ಹಲಗೆಯ ಮೇಲೆ ಕಾಲೂರಿ, ಪಕ್ಕದವರಿಗೆ ಕೇಳಿಸುವಂತೆ "ಇದು ವೆಂಡೆಲಿನ್ ಹಾಸಿದ್ದು" ಅನ್ನಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಬೇರೆ ನೆಲಗಳ ಮೇಲೆ ಅವನು ಅದನ್ನು ಅಂದಿರಲಿಲ್ಲ.

ನನ್ನ ಬಾಟಲಿ 1.7 ತೋರಿಸಿತ್ತು. ಆದರೆ ವಿಮೆಯವರಿಗೆ ತಜ್ಞರ ಕಾಗದ ಬೇಕೆಂದು ಸಂಘದ ಅಧ್ಯಕ್ಷ ಬೋಡ್ಮರ್ ಓಟಿಲಿಯೆಯನ್ನು ಕರೆಸಿದ. ಗುರುವಾರ ಬೆಳಿಗ್ಗೆ ಅವಳ ಕಾರು ನಿಂತಿತು. ಪಕ್ಕದ ಸೀಟಿನಿಂದ ಅಪ್ಪ ಇಳಿದ. ಹಿಂದಿನ ವಾರ ನಾನು ಕರೆದಾಗ ಮೊಣಕಾಲು ನೋವು ಎಂದಿದ್ದ.

ಷೂ ಬಿಚ್ಚಿ ಒಳಬಂದವಳು, ಬಿಸಿನೀರಿನ ಕೊಳವೆಗಳಿಲ್ಲದ ಕಡೆ ಗುರುತು ಹಾಕಿದ್ದ ಜಾಗಕ್ಕೆ ಹೋಗಿ ಮಂಡಿಯೂರಿದಳು. ಉಳಿಗೆ ಸುತ್ತಿಗೆಯ ಪೆಟ್ಟು ಹಾಕುತ್ತಾ ಹೋದಳು. ಅಡಿಯ ಪ್ಲಾಸ್ಟಿಕ್ ಹಾಳೆ ಕಾಣುವವರೆಗೂ ನಿಲ್ಲಿಸಲಿಲ್ಲ. ತಳದ ಚೂರುಗಳನ್ನೇ ಆರಿಸಿದಳು. ತೂಗಿದಳು, ಅಲ್ಲಾಡಿಸಿದಳು, ಗಡಿಯಾರ ನೋಡಿದಳು.

"ಎರಡು ಪಾಯಿಂಟ್ ಮೂರು," ಅಂದಳು.

"ನಂಗೆ ಒಂದು ಪಾಯಿಂಟ್ ಏಳು ಬಂದಿತ್ತು."

"ಎಲ್ಲಿಂದ ತೆಗ್ದೆ?"

"ನೆಲದಿಂದ. ಮತ್ತೆ ಸೂರಿಂದ ತೆಗೀತಾರಾ?"

ಬೋಡ್ಮರ್ ನಕ್ಕ. ಓಟಿಲಿಯೆ ನಗಲಿಲ್ಲ. "ಎಷ್ಟು ಆಳದಿಂದ ಅಂತ ಕೇಳ್ದೆ ಕಣೋ."

ನಾನು ಅವಳ ಪೆಟ್ಟಿಗೆಯ ಕಡೆ ಬೆರಳು ಮಾಡಿದೆ. "ಆಳದ ಮಾತು ಬಿಡು. ನಿನ್ನ ಬಾಟಲಿಗೆ ಹತ್ತಿರ ಹತ್ತಿರ ನನ್ನ ವಯಸ್ಸಾಗಿದೆ. ಮುಳ್ಳು ಸರಿಯಿದೆ ಅಂತ ಎಲ್ಲರ ಮುಂದೆ ತೋರ್ಸು ನೋಡೋಣ."

"ಆಗ್ಲಿ," ಅಂದಳು.

ಅದಕ್ಕೊಂದು ಕ್ರಮವಿದೆ. ಸರಿಯಾಗಿ ಒಂದು ಗ್ರಾಂ ನೀರಿರುವ ಕೊಳವೆಯನ್ನು ಕಾರ್ಬೈಡಿನ ಜೊತೆ ಹಾಕಿ ಅಲ್ಲಾಡಿಸಬೇಕು. ಮುಳ್ಳು ಒತ್ತಡದ ಅಳತೆಯ ಒಂದರ ಗೆರೆಗೆ ಬಂದು ನಿಲ್ಲಬೇಕು. ಅವಳು ಬಾಟಲಿಯನ್ನು ತೊಳೆದು ಒರೆಸಿ, ಕೊಳವೆ ಹಾಕಿ ಅಲ್ಲಾಡಿಸಿದಳು. ನಾನು ಮುಳ್ಳನ್ನೇ ನೋಡುತ್ತಿದ್ದೆ. ಗೆರೆ ದಾಟಲಿ, ಇಲ್ಲವೇ ಗೆರೆಗೆ ಮುಟ್ಟದೆ ಸೊರಗಲಿ, ಅಪ್ಪನ ಕಣ್ಣೆದುರು ಒಂದೇ ಒಂದು ಸಲ ಆ ಬಾಟಲಿ ಸುಳ್ಳು ಹೇಳಲಿ ಎಂದು ಚರ್ಚಿನಲ್ಲೂ ಬೇಡದಷ್ಟು ಬೇಡಿಕೊಂಡೆ. ಮುಳ್ಳು ಒಂದಕ್ಕೆ ಬಂದು ನಿಂತಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಈಗ ನೀನೇ ತೆಗಿ ವೆಂಡೆಲಿನ್," ಅಂದ ಅಪ್ಪ. "ಆ ಮೂಲೇಲಿ ಇನ್ನೊಂದು ಗುರುತಿದೆ."

ಕಾರ್ಬೈಡಿನ ಹೊಸ ಕೊಳವೆ ತರಲು ಓಟಿಲಿಯೆ ಕಾರಿಗೆ ಹೋದಳು. ಬೋಡ್ಮರ್ ಫೋನ್ ಹಿಡಿದು ಅಂಗಳಕ್ಕೆ ಇಳಿದ. ನಾನು ಒಡೆಯತೊಡಗಿದೆ. ಅರ್ಧ ಆಳಕ್ಕೆ ನನ್ನ ಕೈ ತಾನಾಗಿ ನಿಂತಿತು. ಯಾವಾಗಲೂ ನಿಲ್ಲುವುದು ಅಲ್ಲೇ ಎಂದು ಆಗ ಗೊತ್ತಾಯಿತು. ಅಪ್ಪ ನೋಡುತ್ತಿದ್ದ. ಇನ್ನೂ ಕೆಳಗೆ ಇಳಿದೆ. ಮೇಲಿನ ಚೂರುಗಳು ತಿಳಿಬೂದು, ಕೈಯಲ್ಲಿ ಹಿಟ್ಟಾಗುತ್ತಿದ್ದವು. ತಳದವು ಕಪ್ಪಗಿದ್ದು ಉಳಿಯ ತುದಿಗೆ ಅಂಟುತ್ತಿದ್ದವು. ನನ್ನ ಮುಂದೆ ಎರಡು ಗುಡ್ಡೆಗಳಾದವು.

ಅಪ್ಪ ಬಾಗಿಲ ಕಡೆ ನೋಡಿ, ದನಿ ಇಳಿಸಿ ಅಂದ: "ಮೇಲಿಂದೇ ತುಂಬು ಮಗ. ಉದ್ಘಾಟನೆ ಹಬ್ಬ ಒಂದು ಆಗಿಹೋಗ್ಲಿ."

ನಾನು ತುಂಬಿದೆ. ತಿಳಿಬೂದು ಗುಡ್ಡೆಯಿಂದ, ಐವತ್ತು ಗ್ರಾಂ, ಯೋಚನೆಯನ್ನೇ ಮಾಡದೆ. ತೂಕದ ತಟ್ಟೆ ಎತ್ತುವಾಗ ಅಪ್ಪನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು.

"ನೋಡ್ದ್ಯಾ," ಅಂದ. "ನಾನು ಅಂದೆ, ನೀನು ಮಾಡ್ದೆ. ಹಿಂದೆ ಮೇಷ್ಟ್ರ ಮನೆ ನೆಲಕ್ಕೂ ಹಿಂಗೇ ಆಯ್ತು."

"ಅಲ್ಲಿ ಹಲಗೆ ಬಾಗಿದ್ದು ಬಾಯ್ಲರಿನ ತಪ್ಪು ಅಂದಿದ್ದೆ ನೀನು."

"ನಿಂಗೆ ನೋವಾಗ್ಬಾರ್ದು ಅಂತ ಅಂದಿದ್ದೆ. ಅಲ್ಲಿ ಎರಡು ಪಾಯಿಂಟ್ ನಾಲ್ಕು ಬಂದಿತ್ತು. ನಾನು ಕಮ್ಮಿ ಬರಿ ಅಂದೆ, ನೀನು ಬರ್ದೆ. ಚಳಿಗಾಲಕ್ಕೆ ಹಲಗೆ ಬಾಗಿ, ಅಷ್ಟನ್ನೂ ಕಿತ್ತು ಹಾಸಿದ್ವಲ್ಲ. ಅದಾದ್ಮೇಲೂ ನಂಗೆ ಬುದ್ಧಿ ಬರ್ಲಿಲ್ಲ. ಡಾಕ್ಟರ ಮನೇಲಿ ಓಟಿಲಿಯೆಗೂ ಅದನ್ನೇ ಹೇಳ್ದೆ."

"ಏನಂದ್ಲು?"

"ಪೆನ್ಸಿಲ್ ನನ್ನ ಕೈಗಿಟ್ಟು, ನೀವೇ ಬರೀರಿ ಮೇಸ್ತ್ರಿ ಅಂದ್ಲು. ನನ್ನ ಕೈಲಿ ಬರೆಯೋಕಾಗ್ಲಿಲ್ಲ." ಅಪ್ಪ ಮಣಿಕಟ್ಟು ಬಿಟ್ಟ. "ನೀನು ಒಳ್ಳೆ ಮಗ ಕಣೋ. ನಾನು ಏನಂದ್ರೂ ಹೂಂ ಅಂತೀಯ. ಅದಕ್ಕೇ ಬಾಟಲಿ ನಿಂಗೆ ಕೊಡೋಕೆ ಹೆದರಿದೆ."

ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಹನ್ನೆರಡು ವರ್ಷ ಆ ಪೆಟ್ಟಿಗೆಯ ಬಗ್ಗೆ ಹೊಟ್ಟೆ ಉರಿದುಕೊಂಡಿದ್ದೆ. ಅವಳು ಅಪ್ಪನನ್ನು ಮರುಳು ಮಾಡಿದಳೆಂದು ಹೆಂಡತಿಯ ಮುಂದೆ, ಕನ್ನಡಿಯ ಮುಂದೆ ಹೇಳಿಕೊಂಡಿದ್ದೆ. ಇಷ್ಟು ಕೇಳಿದ ಮೇಲೆ ಉರಿ ಆರಬೇಕಿತ್ತು. ಆರಲಿಲ್ಲ. ಅಪ್ಪನ ಕೈಗೆ ಪೆನ್ಸಿಲ್ ವಾಪಸು ಕೊಟ್ಟ ಆ ಗಳಿಗೆಗಾಗಿ ಅವಳ ಮೇಲೆ ಇನ್ನೂ ಹೆಚ್ಚು ಹೊಟ್ಟೆಕಿಚ್ಚಾಯಿತು. ಬಾಟಲಿ ಬೇಕೆಂದರೆ ಅಂಗಡಿಯಲ್ಲಿ ಸಿಗುತ್ತದೆ.

ಓಟಿಲಿಯೆ ಒಳಬಂದಾಗ ನಾನು ತಟ್ಟೆಯನ್ನು ನೆಲಕ್ಕೆ ಬಗ್ಗಿಸಿ ಖಾಲಿ ಮಾಡುತ್ತಿದ್ದೆ. ತಳದ ಕಪ್ಪು ಚೂರುಗಳನ್ನು ಕುಟ್ಟಿ, ತೂಗಿ, ಅಪ್ಪನ ಬಾಟಲಿಗೆ ಸುರಿದೆ. ಗುಂಡುಗಳು ಒಳಗೆ ಉರುಳಿದ ಸದ್ದು ತೋಳಿನ ಮೂಳೆಯಲ್ಲಿ ಕೇಳಿಸಿತು. ಗಡಿಯಾರ ನೋಡುತ್ತಾ ಹತ್ತು ನಿಮಿಷ ಕಾದೆ.

"ಎರಡು ಪಾಯಿಂಟ್ ನಾಲ್ಕು," ಎಂದು ನಾನೇ ಓದಿದೆ. ಅವಳ ಅಂಕಿಗಿಂತಲೂ ಒಂದು ಗೆರೆ ಹೆಚ್ಚು.

"ಅಂದ್ರೆ?" ಫೋನ್ ಮುಗಿಸಿ ಬಂದ ಬೋಡ್ಮರ್ ಕೇಳಿದ.

"ಅಂದ್ರೆ ಇನ್ನೂ ಐದಾರು ವಾರ ಒಣಗ್ಬೇಕು. ಹಬ್ಬಕ್ಕೆ ಮರದ ನೆಲ ಇಲ್ಲ."

"ಆಹ್ವಾನ ಪತ್ರ ಎಲ್ಲ ಹಂಚಿ ಆಯ್ತಲ್ಲ ಮಾರಾಯ."

"ನೆಲ ಇರುತ್ತೆ ಅಂತ ಆಹ್ವಾನದಲ್ಲಿ ಬರ್ದಿಲ್ವಲ್ಲ," ಅಂದಳು ಓಟಿಲಿಯೆ.

ಕಾಗದದಲ್ಲಿ ಅಂಕಿಯನ್ನು ನಾನೇ ಬರೆದೆ. ಅವಳು ಕೆಳಗೆ ಮುದ್ರೆ ಒತ್ತಿದಳು.

ಉದ್ಘಾಟನೆ ಬರಿಯ ಬೂದು ಗಾರೆಯ ಮೇಲೆ ಆಯಿತು. ಓಟಿಲಿಯೆ ಎಂದಿನಂತೆ ಷೂಗಳನ್ನು ಬಾಗಿಲ ಹೊರಗಿಟ್ಟು ಬಂದಳು. ಅದನ್ನು ಕಂಡು ಡೋಲಿನವನು ತಮಾಷೆಗೆ ತನ್ನದನ್ನೂ ಬಿಚ್ಚಿದ. ನೋಡುನೋಡುತ್ತಾ ಊರಿನ ಅರ್ಧ ಜನ ಕಾಲುಚೀಲದಲ್ಲಿದ್ದರು. ಅಪ್ಪ ಕುರ್ಚಿಯಲ್ಲಿ ಕೂತು ಬಗ್ಗಲು ನೋಡಿದ, ಕೈ ಎಟುಕಲಿಲ್ಲ. ನಾನು ಹಾರ್ನ್ ಕೆಳಗಿಟ್ಟು ಬಂದು ಮಂಡಿಯೂರಿ ಅವನ ಲೇಸು ಬಿಚ್ಚಿದೆ. ಗಾರೆ ಒಣಗಲೆಂದು ಬಿಟ್ಟಿದ್ದ ಬಿಸಿನೀರು ಒಳಗಿನ ಕೊಳವೆಗಳಲ್ಲಿ ಓಡುತ್ತಿತ್ತು, ನೆಲ ಬೆಚ್ಚಗಿತ್ತು. ಅಪ್ಪ ಎರಡೂ ಪಾದ ಊರಿ, ಬೆರಳು ಆಡಿಸಿದ.

"ಇದು ವೆಂಡೆಲಿನ್ ಅಳೆದದ್ದು," ಅಂದ, ಪಕ್ಕದವರಿಗೆ ಕೇಳಿಸುವಂತೆ. "ನನ್ನ ಮಗ."

ಪಕ್ಕದ ಕುರ್ಚಿ ಓಟಿಲಿಯೆಯದು. ಅವಳು ತಲೆ ತಗ್ಗಿಸಿ, ಸರಿಯಾಗಿಯೇ ಇದ್ದ ಕಾಲುಚೀಲವನ್ನು ಮತ್ತೆ ಮೇಲೆಳೆದುಕೊಂಡಳು. ತಲೆ ಎತ್ತಿದಾಗ ನಮ್ಮ ಕಣ್ಣು ಕೂಡಿದವು. ಆ ನೋಟದ ಗುರುತು ನನಗೆ ತಕ್ಷಣ ಸಿಕ್ಕಿತು. ಅಪ್ಪನ ಹುಟ್ಟುಹಬ್ಬದ ಫೋಟೊದಲ್ಲಿ, ಚಪ್ಪಾಳೆ ತಟ್ಟುತ್ತಿರುವ ನನ್ನ ಮುಖದಲ್ಲಿ ಅದೇ ಇದೆ.

ನಾನು ನನ್ನ ಜಾಗಕ್ಕೆ ಹೋಗಿ ಹಾರ್ನ್ ಎತ್ತಿಕೊಂಡೆ. ಬೆರಳುಗಳಲ್ಲಿ ಇನ್ನೂ ಕಾರ್ಬೈಡಿನ ವಾಸನೆ ಇದ್ದಂತಿತ್ತು, ಮೂರು ವಾರದ ಮೇಲೆ ಅದು ಇರಲು ಸಾಧ್ಯವಿರಲಿಲ್ಲ.