ಪೆನ್ಷನ್ ಉಳಿಸಿಕೊಂಡ ದಿನ

ನನ್ನ ಎಡಗೈ ಹುಟ್ಟಿನಿಂದಲೇ ಸೆಟೆದುಕೊಂಡಿದೆ, ಮಾತು ತೊದಲುತ್ತದೆ. ಬುದ್ಧಿ ಮಾತ್ರ ನೆಟ್ಟಗಿದೆ; ಅದನ್ನು ಜನರಿಗೆ ನಂಬಿಸಲು ಹೋಗಿ ಬಾಯಿ ನೋಯಿಸಿಕೊಂಡಿದ್ದೇ ಬಂತು.

ಗೌರಿಬಿದನೂರಿನ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಸಿಕ್ಕಿತು. ಹೊಲಿದ ಶರ್ಟುಗಳಲ್ಲಿ ಉಳಿದ ದಾರ ಕತ್ತರಿಸುವುದು. ಅಂಗವಿಕಲರಿಗೆ ಕೆಲಸ ಕಲಿಸುವ ಒಂದು ಸಂಸ್ಥೆಯವರು ಕಳಿಸಿದ ಅಕ್ಕ ಪಕ್ಕದಲ್ಲೇ ಕೂತು ಕಲಿಸುತ್ತಿದ್ದಳು. ಬಟ್ಟೆ ಜಾರದಂತೆ ಮೇಜಿಗೆ ಕ್ಲಿಪ್ಪು ಹಾಕಿಸಿದವಳೂ, ನನ್ನ ಮಾತನ್ನು ಸೂಪರ್‌ವೈಸರಿಗೆ ಬಿಡಿಸಿ ಹೇಳುತ್ತಿದ್ದವಳೂ ಅವಳೇ. ಮೊದಮೊದಲು ಶರ್ಟಿಗೇ ಕತ್ತರಿ ಹಾಕಿ ಬೈಸಿಕೊಂಡೆ. ಛಲ ಬಿಡಲಿಲ್ಲ. ಆಮೇಲೆ ಅಕ್ಕ ಆಗೊಮ್ಮೆ ಈಗೊಮ್ಮೆ ಬಂದು ನೋಡಿಕೊಂಡು ಹೋದರೆ ಸಾಕಾಯಿತು. ಬೆಳಿಗ್ಗೆ ಬಸ್ಸಿನ ಕಂಡಕ್ಟರ್ "ಗಾರ್ಮೆಂಟ್ಸ್‌ನವರು ಒಳಗೆ ಹೋಗಿ" ಎಂದು ಉಳಿದ ಹೆಂಗಸರ ಜೊತೆ ನನ್ನನ್ನೂ ಗದರಿಸಿದಾಗ ಎಷ್ಟು ಬೀಗಿದ್ದೆ!

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ತಾಲ್ಲೂಕು ಕಚೇರಿಗೆ ಸುದ್ದಿ ಮುಟ್ಟಿಸಿದರು. ಫ್ಯಾಕ್ಟರಿಗೆ ಹೋಗುವವಳಿಗೆ ಅಂಗವಿಕಲರ ಪೆನ್ಷನ್ ಏಕಂತೆ? ಏಕೆಂದರೆ, ಆರ್ಡರ್ ಇಲ್ಲದಾಗ ಫ್ಯಾಕ್ಟರಿಯವರು ಮೊದಲು ಮನೆಗೆ ಕಳಿಸುವುದು ನನ್ನಂಥವರನ್ನೇ. ಆಗೆಲ್ಲ ಅಮ್ಮ, ನಾನು ಇಬ್ಬರೇ ಇರುವ ಮನೆಯ ಒಲೆ ಉರಿಯುತ್ತಿದ್ದುದು ಆ ಪೆನ್ಷನ್ನಿನಿಂದ. ಅದೂ ನಿಂತರೆ ಗತಿಯೇನೆಂದು ಅಮ್ಮ ಅನ್ನ ಬಿಟ್ಟು ಕೂತಳು.

ಕಚೇರಿಯವರು ಮನೆಗೆ ವಿಚಾರಣೆಗೆ ಬರುವ ದಿನ ನನ್ನಿಂದ ರಜೆ ಹಾಕಿಸಿ, ಚಾಪೆಯ ಮೇಲೆ ಕೂರಿಸಿದಳು. ತಲೆ ಬಾಚಿಕೊಳ್ಳಲು ಬಿಡಲಿಲ್ಲ. ಹಳೇ ನೈಟಿ ಬದಲಿಸಲೂ ಬಿಡಲಿಲ್ಲ. ಅಕ್ಕನನ್ನೂ ಕರೆಸಿದ್ದಳು. ಬಂದ ಸಾಹೇಬರು, ಇವಳು ಕೆಲಸ ಮಾಡುವುದು ನಿಜವೇ ಎಂದು ಅಕ್ಕನನ್ನು ಕೇಳಿದರು.

ಅಕ್ಕ ತಲೆ ತಗ್ಗಿಸಿದಳು. "ಪಾಪ ಅಂತ ಸುಮ್ನೆ ಕೂರಿಸ್ಕೊಂಡಿದಾರೆ ಸರ್. ಕೆಲ್ಸ ಎಲ್ಲಾ ನಾನೇ ಮಾಡ್ಕೊಡೋದು."

ನನ್ನ ಮೈಯೆಲ್ಲ ಉರಿದುಹೋಯಿತು. ಪೆನ್ಷನ್ ಉಳಿಸಲೆಂದೇ ಸುಳ್ಳು ಹೇಳಿದಳು, ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಉರಿ ಕಡಿಮೆಯಾಗುತ್ತದೆಯೇ? ಸಾಹೇಬರ ಅನುಮಾನವೂ ಹೋಗಲಿಲ್ಲ. ನನ್ನ ಕಡೆ ತಿರುಗಿದರು.

"ನೀನೇ ಹೇಳಮ್ಮ. ನಿಂಗೆ ಕೆಲ್ಸ ಬರುತ್ತಾ?"

ಬರುತ್ತದೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಸಾಲದೆಂದು ಬಾಯನ್ನೂ ಅರ್ಧ ತೆರೆದು, ಜೊಲ್ಲು ಇಳಿಯಲು ಬಿಟ್ಟೆ. ಸಾಹೇಬರು ಮುಖ ತಿರುಗಿಸಿಕೊಂಡು ಎದ್ದರು.

ಅವರು ಹೋದ ಮೇಲೆ ಅಮ್ಮ ನನ್ನ ಬಾಯಿ ಒರೆಸಿ ಕೆನ್ನೆ ಸವರಿದಳು. "ಜಾಣೆ ಕಣಮ್ಮ ನೀನು," ಅಂದಳು. ಕೆಲಸ ಸಿಕ್ಕ ದಿನವೂ ಅಮ್ಮ ನನಗೆ ಆ ಮಾತು ಹೇಳಿರಲಿಲ್ಲ.