ಬಳೆಗಾರ್ತಿ ಗೌಸಬಿಯ ಕೈ

ಗೌಸಬಿಯನ್ನು ಮೊದಲು ಕಂಡದ್ದು ಬಸವನ ಬಾಗೇವಾಡಿಯಲ್ಲಿ, ನಾವು ಹೊಸದಾಗಿ ಬಾಡಿಗೆಗೆ ಹಿಡಿದ ಮನೆಯ ಕಟ್ಟೆಯ ಮೇಲೆ, ಎರಡು ಸಾವಿರದ ಒಂದನೆಯ ಇಸವಿಯ ಯುಗಾದಿಯ ಹಿಂದಿನ ದಿನ. ಬಳೆಯ ಮಲಾರವನ್ನು ಹೆಗಲಿನಿಂದ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಮನೆಯಾಕೆಯ ಕೈ ಹಿಡಿಯಲು ಆಕೆ ತನ್ನ ಎಡಗೈಯನ್ನು ಮುಂದೆ ಮಾಡಿದಳು. ಬಲಗೈಗೆ ಮಣಿಕಟ್ಟಿನಿಂದ ಬೆರಳ ಬುಡದವರೆಗೆ ಹಳೆಯ ಸೀರೆಯ ಚಿಂದಿ ಸುತ್ತಿತ್ತು. ಏನಾಯಿತೆಂದು ಕೇಳಿದರೆ ಗಾಜು ಕೊಯ್ದಿದೆ ಎಂದಳು. ಬಳೆಗಾರ್ತಿಯ ಕೈಯನ್ನು ಗಾಜು ಕೊಯ್ಯುವುದು ಹೊಸತಲ್ಲವಾದ್ದರಿಂದ ಮಾತು ಅಲ್ಲಿಗೇ ನಿಂತಿತು. ಹಾಗೆ ನಿಲ್ಲಲಿ ಎಂದೇ ಆಕೆ ಆ ಒಂದು ಉತ್ತರವನ್ನು ಎಂಟು ತಿಂಗಳಿಂದ ಊರೂರಿಗೂ ಹೊತ್ತು ತಿರುಗುತ್ತಿದ್ದಳೆಂಬುದು ತಿಳಿದದ್ದು ಬಹಳ ದಿನಗಳ ಮೇಲೆ.

ಗಂಡ ಬಂದಗಿಸಾಬ ಇದ್ದಾಗ ಸೈಕಲ್ಲಿನ ಮೇಲೆ ಮಲಾರ ಹೇರಿಕೊಂಡು ಇಬ್ಬರೂ ಹೋಗುತ್ತಿದ್ದರು. ಅವನು ಬಳೆಯ ಬಣ್ಣ ಕೂಗುತ್ತಿದ್ದ, ಆಕೆ ಇಡಿಸುತ್ತಿದ್ದಳು. ಅವನು ತೀರಿಕೊಂಡ ಮೇಲೆ ಸೈಕಲ್ಲು ಹೋಯಿತು, ಕೂಗು ಹೋಯಿತು. ಮಕ್ಕಳಿರಲಿಲ್ಲ. ಬಾಗೇವಾಡಿಯ ಒಂದು ಖೋಲಿಯಲ್ಲಿ ಒಬ್ಬಳೇ ಅಡಿಗೆ ಮಾಡಿಕೊಂಡು, ಒಬ್ಬಳೇ ಉಂಡು, ಬೆಳಗಿನ ಬಸ್ಸಿಗೆ ಹಳ್ಳಿಗಳಿಗೆ ಹೊರಡುತ್ತಿದ್ದಳು. ದಿನಕ್ಕೆ ಹತ್ತು ಹನ್ನೆರಡು ಹೆಂಗಸರ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು, ಗೆಣ್ಣು ಅಮುಕಿ, ಬೆರಳು ಮಡಚಿ, ಬಳೆ ಏರಿಸುವುದು. ಇನ್ನೊಂದು ಜೀವವನ್ನು ಆಕೆ ಮುಟ್ಟುತ್ತಿದ್ದುದು ಅಷ್ಟೇ. ಯಾರು ಜೋಳ ಕೊಯ್ದು ಬಂದಿದ್ದಾರೆ, ಯಾರು ಜ್ವರದಿಂದ ಎದ್ದಿದ್ದಾರೆ ಎಂಬುದು ಅವರು ಬಾಯಿ ಬಿಡುವ ಮೊದಲೇ ಆಕೆಗೆ ತಿಳಿಯುತ್ತಿತ್ತು.

ಹಿಂದಿನ ಮಳೆಗಾಲದಲ್ಲಿ ಆಕೆಯ ಮಣಿಕಟ್ಟಿನ ಮೇಲೆ ಒಂದು ಉಂಗುರ ಮೂಡಿತು. ಅಂಚು ಕೆಂಪು, ನಡುವೆ ಬೆಳ್ಳಗೆ, ಮೇಲೆ ಹೊಟ್ಟು. ಗಜಕರ್ಣವೆಂದು ಆಕೆಗೂ ಗೊತ್ತಾಯಿತು. ಇಡೀ ದಿನ ಸೋಪಿನ ನೀರಿನಲ್ಲಿ ನೆನೆಯುವ ಕೈ. ಒಬ್ಬಳ ಕೈ ಒರೆಸಿದ ಹಸಿ ಬಟ್ಟೆಯಿಂದಲೇ ಇನ್ನೊಬ್ಬಳ ಕೈ, ಅದರಿಂದಲೇ ತನ್ನ ಕೈ ಒರೆಸುವ ರೂಢಿ. ಔಷಧದ ಅಂಗಡಿಗೆ ಹೋಗಿ ಕಡತಕ್ಕೆ, ತುರಿಕೆಗೆ ಏನಾದರೂ ಕೊಡಿರೆಂದಳು. ಅಂಗಡಿಯವನು ಒಂದು ಟ್ಯೂಬು ಕೊಟ್ಟ. ಎರಡು ಸಲ ಹಚ್ಚಿದ್ದೇ ತಡ ಕಡತ ನಿಂತಿತು. ಮೂರನೆಯ ದಿನಕ್ಕೆ ಉಂಗುರವೇ ಮಾಸಿತು. ಬಿಟ್ಟಳು. ಹದಿನೈದು ದಿನಕ್ಕೆ ಅದು ಮೊದಲಿಗಿಂತ ಅಗಲವಾಗಿ ಮರಳಿತು. ಮತ್ತೆ ಹಚ್ಚಿದಳು, ಮತ್ತೆ ಮಾಸಿತು. ಕಡೆಗೆ ಹಳ್ಳಿಗೆ ಹೊರಡುವ ಮುನ್ನ ದಿನವೂ ಟ್ಯೂಬು ಹಚ್ಚಿ, ಅದರ ಮೇಲೆ ಚಿಂದಿ ಬಿಗಿದು ಹೊರಡುವುದೇ ಪರಿಪಾಠವಾಯಿತು. ಕೈಯ ತೊಗಲು ಈರುಳ್ಳಿಯ ಒಳಪದರಿನಷ್ಟು ತೆಳ್ಳಗಾಯಿತು. ಬಳೆಯ ಅಂಚು ತಾಗಿದರೆ ಸಾಕು, ನೀಲಿಗಟ್ಟುತ್ತಿತ್ತು. ಆದರೂ ಕಡತ ಇರಲಿಲ್ಲ, ಉಂಗುರ ಎದ್ದು ಕಾಣುತ್ತಿರಲಿಲ್ಲ. ಅಷ್ಟಿದ್ದರೆ ಹೆಂಗಸರು ಕೈ ಕೊಡುತ್ತಿದ್ದರು.

ಗೊಳಸಂಗಿಯ ಲಕ್ಕವ್ವನ ಮಗಳು ವಿಜಯಲಕ್ಷ್ಮಿ ಚೊಚ್ಚಿಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳ ಕೈಗೆ ಮಗುವಾಗಿದ್ದಾಗಿನಿಂದಲೂ ಬಳೆ ಇಡಿಸಿದವಳು ಗೌಸಬಿ. ಸಂಕ್ರಾಂತಿಗೆ ಬಂದಾಗಲೂ ಇಡಿಸಿದ್ದಳು. ಈಗ ಬಸುರಿಗೆ ಮಾಡುವ ಕುಬಸದ ಹಸಿರು ಬಳೆ ಇಡಿಸಲೆಂದು ಹೋದಾಗ ವಿಜಿ ಆಕೆಯನ್ನು ಒಳಗಿನ ಖೋಲಿಗೆ ಕರೆದು ಬಲಗೈ ತೋರಿಸಿದಳು. ಮಣಿಕಟ್ಟಿನಲ್ಲಿ ಅದೇ ಉಂಗುರ.

"ಭಾಳ ಕಡೀತೈತಿ ಕಾಕು. ಅವ್ವಗ ಹೇಳಬ್ಯಾಡ, ಸುಮ್ನ ಗಾಬರಿ ಆಗ್ತಾಳ."

ಅದು ಎಲ್ಲಿಂದ ಬಂತೆಂದು ಗೌಸಬಿಗೆ ಆ ಕ್ಷಣವೇ ಹೊಳೆಯಿತು. ಹೇಳುವ ಧೈರ್ಯವಾಗಲಿಲ್ಲ. ಮಲಾರದ ಮೂಲೆಯಲ್ಲಿದ್ದ ತನ್ನ ಟ್ಯೂಬನ್ನೇ ಅವಳ ಮುಷ್ಟಿಯಲ್ಲಿಟ್ಟು, ದಿನಾ ಒಂಚೂರು ಹಚ್ಚಿಕೊಳ್ಳಲು ಹೇಳಿ, ಹೊರಗೆ ಬಂದು ಕೈ ತುಂಬ ಹಸಿರು ಬಳೆ ಇಡಿಸಿದಳು.

ಒಂದು ತಿಂಗಳ ಮೇಲೆ ಲಕ್ಕವ್ವ ತಾನೇ ಬಸ್ಸು ಹತ್ತಿ ಬಾಗೇವಾಡಿಗೆ ಬಂದಳು. ವಿಜಿಯ ಗಜಕರ್ಣ ಮೊಣಕೈವರೆಗೆ ಹಬ್ಬಿತ್ತು. ವಿಜಾಪುರದಿಂದ ಬುಧವಾರಕ್ಕೊಮ್ಮೆ ಬಾಗೇವಾಡಿಗೆ ಬರುತ್ತಿದ್ದ ಚರ್ಮದ ಡಾಕ್ಟರು ರಾಜೇಶ್ವರಿ ಅವಳನ್ನು ನೋಡಿ, ಬಳೆಯ ಕೆಳಗೆ ಬೆವರು ನಿಂತು ಗಾಳಿಯಾಡುತ್ತಿಲ್ಲ, ಮೊದಲು ಬಳೆ ತೆಗೆಯಿರಿ ಎಂದಿದ್ದರು. ಬಸುರಿಯ ಹಸಿರು ಬಳೆ ಒಡೆಯಲು ಲಕ್ಕವ್ವ ಒಪ್ಪಿರಲಿಲ್ಲ. ಟ್ಯೂಬು ಯಾರದೆಂಬುದೂ ಅಷ್ಟರಲ್ಲಿ ಹೊರಬಿದ್ದಿತ್ತು.

"ಇಟ್ಟಾಕಿ ನೀನು. ಒಂದೂ ಒಡೀದಂಗ ನೀನ ತೆಗಿ," ಎಂದಳು ಲಕ್ಕವ್ವ. ಹೊಸ್ತಿಲ ಒಳಗೆ ಕಾಲಿಡಲಿಲ್ಲ, ನೀರೂ ಕುಡಿಯಲಿಲ್ಲ.

ಗೊಳಸಂಗಿಯಲ್ಲಿ ಲಕ್ಕವ್ವನ ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಲಕ್ಕವ್ವ ಒಂದು ಪ್ಲಾಸ್ಟಿಕ್ ಚೀಲ ತಂದು ಗೌಸಬಿಯ ಮುಂದೆ ಹಾಕಿ, ಕೈಗೆ ಹಾಕಿಕೋ ಎಂದಳು. ಆ ಚೀಲದೊಳಗಿನ ಬೆರಳುಗಳಿಂದ ಗೌಸಬಿ ಸೋಪು ಸವರಿ, ಗೆಣ್ಣು ಅಮುಕಿ, ಒಂದೊಂದೇ ಬಳೆ ಜಾರಿಸಿದಳು. ಒಂದೂ ಒಡೆಯಲಿಲ್ಲ. ಕೆಳಗಿನ ತೊಗಲು ಹಸಿಯಾಗಿ ಬಿರಿದಿತ್ತು. ಗೌಸಬಿ ಅದನ್ನು ನೋಡಿ, ಚೀಲ ಕಳಚಿ, ತನ್ನ ಬಲಗೈಯ ಚಿಂದಿಯನ್ನು ಎಲ್ಲರೆದುರಿಗೆ ಬಿಚ್ಚಿದಳು.

"ಇದು ನನ್ನಿಂದ ಹತ್ತಿದ್ದು ಯಕ್ಕಾ. ಗಾಜು ಕೊಯ್ದಿದ್ದಲ್ಲ."

ಕೂತವರು ಮೆಲ್ಲಗೆ ತಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ವಿಜಿ ಒಬ್ಬಳು, ಬುಧವಾರ ನೀನೂ ಡಾಕ್ಟರ ಹತ್ತಿರ ಬಾ ಎಂದಳು.

ರಾಜೇಶ್ವರಿ ಡಾಕ್ಟರು ಆಕೆಯ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಈ ಟ್ಯೂಬಿನ್ಯಾಗ ಎರಡು ಔಷಧ ಅದಾವು ಗೌಸಬಿ. ಒಂದು ಬೂಷ್ಟು ಕೊಲ್ತೈತಿ, ಇನ್ನೊಂದು ಕಡತ ಅಡಗಸ್ತೈತಿ. ಕಡತ ಎರಡ ದಿನಕ್ಕ ಅಡಗ್ತೈತಿ. ಬೂಷ್ಟು ಅಷ್ಟ ಲಗೂ ಸಾಯಂಗಿಲ್ಲ. ಕಡತ ನಿಂತಕೂಡ್ಲೆ ರೋಗ ಹೋತಂತ ನೀವು ತಿಳ್ಕೊಂಡ್ರಿ."

ಔಷಧವೇ ಕೆಟ್ಟದ್ದೆಂದು ಅವರು ಹೇಳಲಿಲ್ಲ. ಉರಿತ, ಬಾವು ಬಹಳ ಇದ್ದಾಗ, ಡಾಕ್ಟರು ನೋಡಿ ಹೇಳಿದಷ್ಟೇ ದಿನ, ತೆಳ್ಳಗೆ ಹಚ್ಚಬೇಕು. ಒಂದು ವಾರ, ಹೆಚ್ಚೆಂದರೆ ಎರಡು. ಮುಖಕ್ಕೆ, ತೊಡೆಯ ಸಂದಿಗೆ ತಾವಾಗಿ ಹಚ್ಚಿಕೊಳ್ಳಬಾರದು, ಮೇಲೆ ಬಟ್ಟೆ ಬಿಗಿಯಬಾರದು, ಕೂಸುಗಳಿಗೂ ಬಸುರಿಯರಿಗೂ ಕೇಳದೆ ಕೊಡಬಾರದು, ಒಬ್ಬರ ಟ್ಯೂಬು ಇನ್ನೊಬ್ಬರಿಗೆ ಸಲ್ಲದು. ಈಗ ಅದನ್ನು ಬಿಟ್ಟು, ಬೂಷ್ಟು ಕೊಲ್ಲುವ ಔಷಧವೊಂದೇ ಇರುವ ಮುಲಾಮನ್ನು ದಿನಕ್ಕೆ ಎರಡು ಸಲ, ಉಂಗುರದ ಅಂಚು ದಾಟಿ ಎರಡು ಬೆರಳಗಲ ಹಚ್ಚಬೇಕು. ಮಾಯಿತೆಂದು ಕಂಡ ಮೇಲೂ ಎರಡು ವಾರ ಬಿಡಬಾರದು. ಗೌಸಬಿಗೆ ಗುಳಿಗೆಯನ್ನೂ ಬರೆದರು. ಬಸುರಿಯಾದ ವಿಜಿಗೆ ಮುಲಾಮು ಮಾತ್ರ. ಟ್ಯೂಬು ಬಿಟ್ಟ ಮೇಲೆ ಎರಡು ಮೂರು ವಾರ ಅದು ಮೊದಲಿಗಿಂತ ಕೆಂಪಾಗಿ ಏಳುತ್ತದೆ, ತಾಳಿಕೊಳ್ಳಬೇಕು, ತಾಳದಿದ್ದರೆ ತಮ್ಮ ಹತ್ತಿರ ಬರಬೇಕು, ಅಂಗಡಿಗೆ ಹೋಗಬಾರದು ಎಂದರು.

"ಯಾರ ಕೈನೂ ಹಿಡೀಬ್ಯಾಡ್ರಿ. ಎರಡು ತಿಂಗಳು."

"ಮುಂದ ಪಂಚಮಿ ಐತ್ರಿ ಬಾಯಾರ."

ಡಾಕ್ಟರು ಬರೆಯುತ್ತಲೇ ಇದ್ದರು.

ಆ ಎರಡು ತಿಂಗಳು ಗೌಸಬಿ ಖೋಲಿಯಲ್ಲಿ ಕೂತಳು. ಹೇಳಿದಂತೆಯೇ ಉಂಗುರಗಳು ಕೆಂಪಾಗಿ ಎದ್ದವು. ಕಡತಕ್ಕೆ ಕೈಯನ್ನು ತಣ್ಣಗಿನ ಗೋಡೆಗೆ ಒತ್ತಿ ಹಿಡಿಯುವಳು. ಪಕ್ಕದ ಮನೆಯ ಅಬಿದಾ ಸಾರು ತಂದವಳು ಬಾಗಿಲಲ್ಲೇ ನಿಂತು, ನಿನ್ನ ಬೋಗುಣಿ ತಾ, ಸುರಿಯುತ್ತೇನೆ ಎನ್ನುವಳು. ಒಂದು ದಿನ ತಾಳಲಾರದೆ ಔಷಧದ ಅಂಗಡಿಯ ಮುಂದೆ ಹೋಗಿ ನಿಂತಳು. ಆಕೆ ಬಾಯಿ ಬಿಡುವ ಮೊದಲೇ ಅಂಗಡಿಯವನು ಅದೇ ಟ್ಯೂಬನ್ನು ಗಾಜಿನ ಮೇಲಿಟ್ಟ. ಅದನ್ನು ನೋಡುತ್ತ ನಿಂತಳು. ವಿಜಿಯ ಬಿರಿದ ಮಣಿಕಟ್ಟು ನೆನಪಾಗಿರಬೇಕು, ತಿರುಗಿ ಬಂದಳು. ಪಂಚಮಿಯ ದಿನ ಓಣಿಯಲ್ಲಿ ಹೆಣ್ಣುಮಕ್ಕಳು ವಿಜಾಪುರದ ಅಂಗಡಿಯ ಹೊಸ ಬಳೆ ತೊಟ್ಟು ಜೋಕಾಲಿಗೆ ಹೋಗುವ ಸಪ್ಪಳವನ್ನು ಬಾಗಿಲು ಮುಂದೆ ಮಾಡಿಕೊಂಡು ಕೇಳಿದಳು.

ಗಣೇಶ ಚೌತಿ ಕಳೆದ ಮೇಲೆ ಡಾಕ್ಟರು ಕೈ ನೋಡಿ, ಇನ್ನು ಹೋಗಬಹುದೆಂದರು. ಗೌಸಬಿ ಗೊಳಸಂಗಿಗೆ ಹೋದಳು. ಮೊದಲ ಮೂರು ಮನೆಗಳಲ್ಲಿ, ಮುಂದಿನ ವಾರ ಬಾ ಎಂದರು. ಲಕ್ಕವ್ವನ ಕಟ್ಟೆಯ ಮೇಲೆ ವಿಜಿ ಬಾಣಂತಿ, ತೊಡೆಯ ಮೇಲೆ ಹೆಣ್ಣುಕೂಸು. ಅವಳ ಕೈಯೂ ಮಾಯ್ದಿತ್ತು. ಕೂಸನ್ನು ಎಡಕ್ಕೆ ಸರಿಸಿ, ಬಲಗೈಯನ್ನು ಗೌಸಬಿಯ ಮುಂದೆ ಚಾಚಿದಳು. ಗೌಸಬಿ ಆ ಕೈಯನ್ನು ಹಿಡಿದು, ಬಳೆ ಆರಿಸುವುದನ್ನೇ ಮರೆತು ಕೂತಳು.

"ಸಡಲ ನೋಡಿ ಇಡಸ ಕಾಕು," ಎಂದಳು ವಿಜಿ.

ಲಕ್ಕವ್ವ ಬಾಗಿಲಲ್ಲಿ ನಿಂತು ನೋಡಿದಳು. ಬೇಡವೆನ್ನಲಿಲ್ಲ. ತನ್ನ ಕೈಯನ್ನು ಅಂದೂ ಕೊಡಲಿಲ್ಲ, ಮುಂದೆಯೂ ಕೊಡಲಿಲ್ಲ.

ಇದಾಗಿ ಎಂಟು ವರ್ಷ. ವಿಜಿ ಗಂಡನ ಊರಾದ ಇಂಡಿಯ ಕಡೆ ಇದ್ದಾಳೆ. ಗೌಸಬಿ ಈಗಲೂ ಮಂಗಳವಾರ ಗೊಳಸಂಗಿಗೆ ಹೋಗುತ್ತಾಳೆ. ಬಿಸಿಲಿಗೆ ಒಣಗಿಸಿದ ಹತ್ತಾರು ಅರಿವೆಯ ತುಂಡುಗಳನ್ನು ಒಯ್ಯುತ್ತಾಳೆ, ಒಬ್ಬರಿಗೆ ಒಂದು. ಯಾರ ಮಣಿಕಟ್ಟಿನಲ್ಲಾದರೂ ಉಂಗುರ ಕಂಡರೆ ಬಳೆ ಇಡಿಸುವುದಿಲ್ಲ, ಯಾವ ಟ್ಯೂಬು ಹಚ್ಚುತ್ತಿದ್ದೀಯೆಂದು ಕೇಳಿ ಡಾಕ್ಟರ ದಾರಿ ತೋರಿಸುತ್ತಾಳೆ. ಕೆಲವು ಬಾಗಿಲುಗಳು ತೆರೆಯುತ್ತವೆ, ಕೆಲವು ಇಲ್ಲ. ಕಟ್ಟೆಯ ಮೇಲೆ ಕೂತು, ಮಲಾರ ಬಿಚ್ಚುವ ಮುನ್ನ, ಎರಡೂ ಕೈಗಳನ್ನು ಬಿಸಿಲಿಗೆ ಚಾಚಿ, ಒಮ್ಮೆ ಅಂಗೈ ಮೇಲಾಗಿ, ಒಮ್ಮೆ ಕೆಳಗಾಗಿ ತಿರುಗಿಸಿ ಎಲ್ಲರಿಗೂ ತೋರಿಸುತ್ತಾಳೆ. ಆಮೇಲೆ ಯಾರಾದರೊಬ್ಬರು ಎದುರಿಗೆ ಬಂದು ಕೂಡುವವರೆಗೆ ಕಾಯುತ್ತಾಳೆ.